ಮಕ್ಕಳು ತಡೆದುಕೊಳ್ಳುತ್ತಿರುವುದು, ಹಿರಿಯರು ತಡೆಯದಿರುವುದು

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಏಳನೆಯ ಅಧ್ಯಾಯಕ್ಕೆ 'ನವೇಗಾನ್ಧಾರಣೀಯ' ಎಂದು ಹೆಸರು. ದೇಹದಲ್ಲಿ ತಾವಾಗಿಯೇ ಹುಟ್ಟುವ ವೇಗಗಳನ್ನು ತಡೆಯಬಾರದು ಎಂಬುದು ಅದರ ತಾತ್ಪರ್ಯ. ಅಂತಹ ವೇಗಗಳು ಒಟ್ಟು 13: ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮತ್ತು ದುಡಿದಾಗ ಬರುವ ಏದುಸಿರು. ಇವುಗಳಲ್ಲಿ ಯಾವುದನ್ನು ತಡೆದರೆ ಯಾವ ಬಾಧೆ, ಅದಕ್ಕೆ ಯಾವ ಪರಿಹಾರ ಎಂಬುದನ್ನು ಆಚಾರ್ಯರು ಒಂದೊಂದಾಗಿ ವಿವರಿಸುತ್ತಾರೆ. ಅಧ್ಯಾಯ ಅಲ್ಲಿಗೇ ಮುಗಿಯುವುದಿಲ್ಲ. ತಡೆಯಲೇಬೇಕಾದ ವೇಗಗಳೂ ಉಂಟೆಂದು ಮುಂದೆ ಬರುತ್ತದೆ. ಮನಸ್ಸಿನಲ್ಲಿ ಲೋಭ, ಕ್ರೋಧ, ಅಸೂಯೆ ಮೊದಲಾದವು. ಮಾತಿನಲ್ಲಿ ಕಠೋರವಾದದ್ದು, ಚಾಡಿಯಾದದ್ದು, ಸುಳ್ಳಾದದ್ದು ಮತ್ತು ಹೊತ್ತಲ್ಲದ ಹೊತ್ತಿನಲ್ಲಿ ಆಡುವಂಥದ್ದು.

ಬಿಳಿಗೆರೆಯ ಸುತ್ತಮುತ್ತಲ ಹಳ್ಳಿಗಳ ಮಕ್ಕಳ ನಾಡಿ ಹಿಡಿಯಲಾರಂಭಿಸಿ ಮೂವತ್ತೈದು ವರ್ಷಗಳಿಗೂ ಮೇಲಾಯಿತು. ಒಂದು ಕಾಲದಲ್ಲಿ ನಾವು ಮದ್ದು ಕೊಟ್ಟ ಮಕ್ಕಳೇ ಇಂದು ತಮ್ಮ ಮಕ್ಕಳನ್ನು ಕರೆತರುತ್ತಿದ್ದಾರೆ. ಇಷ್ಟು ಕಾಲದ ಅನುಭವದಿಂದ ನಮಗೆ ತೋರುವುದೇನೆಂದರೆ, ಚರಕರ ಈ ಅಧ್ಯಾಯವು ನಮ್ಮ ಮನೆಗಳಲ್ಲಿ ತಲೆಕೆಳಗಾಗಿ ಆಚರಣೆಗೆ ಬಂದಿದೆ. ತಡೆಯಬಾರದ ವೇಗಗಳನ್ನು ಮಕ್ಕಳು ದಿನವಿಡೀ ತಡೆದುಕೊಳ್ಳುತ್ತಾರೆ. ತಡೆಯಬೇಕಾದ ವೇಗವನ್ನು ಹಿರಿಯರಾದ ನಾವು ತಡೆಯುವುದಿಲ್ಲ. ಮಕ್ಕಳಿಗೆ ಯಾವ ಟಾನಿಕ್ ಒಳ್ಳೆಯದು, ಬುದ್ಧಿ ಚುರುಕಾಗಲು ಯಾವ ಲೇಹ್ಯ ಕೊಡಬೇಕು ಎಂದು ಕೇಳುವ ತಂದೆತಾಯಿಗಳಿಗೆ ನಾವು ಮೊದಲು ಹೇಳುವುದು ಈ ಮಾತನ್ನೇ. ಬ್ರಾಹ್ಮಿಯ ವಿಚಾರ ಆಮೇಲಿನದು.

ಮೂತ್ರದ ವಿಷಯದಿಂದಲೇ ಆರಂಭಿಸೋಣ. ಮಠದ ಪತ್ರಿಕೆಯಲ್ಲಿ ಇಂತಹ ಮಾತೇಕೆ ಎಂದು ಯಾರೂ ಮುಖ ಸಿಂಡರಿಸಬಾರದು; ಹಾಗೆ ಮುಖ ಸಿಂಡರಿಸುವುದರಿಂದಲೇ ಈ ತೊಂದರೆ ಇಷ್ಟು ಬೆಳೆದಿದೆ. ಹತ್ತರಿಂದ ಹದಿನಾರು ವರ್ಷದೊಳಗಿನ ಹೆಣ್ಣುಮಕ್ಕಳು ಉರಿಮೂತ್ರ, ಕಿಬ್ಬೊಟ್ಟೆಯ ನೋವು, ಸಂಜೆಯ ತಲೆನೋವು ಎಂದು ನಮ್ಮಲ್ಲಿಗೆ ಬರುವುದು ಬಹಳ. ಶಾಲೆಗೆ ಒಯ್ದ ನೀರಿನ ಬಾಟಲಿ ಸಂಜೆ ಮನೆಗೆ ಬಂದಾಗ ಎಷ್ಟು ಖಾಲಿಯಾಗಿರುತ್ತದೆ ಎಂದು ನಾವು ಕೇಳುತ್ತೇವೆ. ತಾಯಿ ಮಗಳ ಮುಖ ನೋಡುತ್ತಾರೆ, ಮಗಳು ನೆಲ ನೋಡುತ್ತಾಳೆ. ಬೆಳಿಗ್ಗೆ ತುಂಬಿಸಿದ ಬಾಟಲಿ ತುಂಬಿದಂತೆಯೇ ಮರಳಿರುತ್ತದೆ. ನೀರು ಕುಡಿದರೆ ಹೋಗಬೇಕಾಗುತ್ತದೆ; ಹೋಗಲು ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಅಥವಾ ನೀರಿಲ್ಲ, ಅಥವಾ ಪಾಠದ ನಡುವೆ ಎದ್ದು ಕೇಳಲು ಹೆದರಿಕೆ. ಆದ್ದರಿಂದ ಕುಡಿಯದಿರುವುದೇ ಲೇಸೆಂದು ಆ ಮಗು ತಾನೇ ಒಂದು ಉಪಾಯ ಕಂಡುಕೊಂಡಿದೆ. ಬಾಯಾರಿಕೆ, ಮೂತ್ರ ಎರಡನ್ನೂ ಒಟ್ಟಿಗೆ ತಡೆಯುವ ಉಪಾಯವದು. ಬಸ್ಸಿನಲ್ಲಿ ತಿಪಟೂರಿಗೋ ತುರುವೇಕೆರೆಗೋ ಹೋಗಿಬರುವ ಮಕ್ಕಳಾದರೆ ಎಂಟು ಒಂಬತ್ತು ಗಂಟೆಗಳ ಕಾಲ ಹೀಗೆಯೇ ಇರುತ್ತಾರೆ.

ಇದಕ್ಕೆ ನಾವು ಗೋಕ್ಷುರ ಕೊಟ್ಟು, ಎಳನೀರು ಕುಡಿಸಿರೆಂದು ಹೇಳಿ, ಮೂತ್ರಪರೀಕ್ಷೆಗೆ ಕಳುಹಿಸಬಹುದು. ಸೋಂಕು ಇದ್ದರೆ ಆಂಟಿಬಯಾಟಿಕ್ ಬೇಕೇ ಬೇಕು, ಅದರಲ್ಲಿ ಆಯುರ್ವೇದ, ಅಲೋಪತಿ ಎಂಬ ಹಟವಿರಬಾರದು. ಆದರೆ ಚಿಲಕವಿಲ್ಲದ ಬಾಗಿಲಿಗೆ ಯಾವ ಔಷಧವೂ ಚಿಲಕ ಹಾಕಲಾರದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಯಲ್ಲೂ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಮತ್ತು ಎಲ್ಲರಿಗೂ ಶುದ್ಧ ಕುಡಿಯುವ ನೀರು ಇರಬೇಕೆಂದು ವಿಧಿಸಿದೆ. ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಕಟ್ಟಡ, ಕಾಂಪೌಂಡು, ವಾರ್ಷಿಕೋತ್ಸವದ ಶಾಮಿಯಾನ ಎಲ್ಲವೂ ಚರ್ಚೆಯಾಗುತ್ತವೆ. ಬಾಗಿಲಿನ ಚಿಲಕದ ವಿಷಯ ಎತ್ತಿದವರನ್ನು ನಾವು ಕಂಡದ್ದು ಅಪರೂಪ. ನೆರೆಯ ಕೇರಳದ ಶಾಲೆಗಳಲ್ಲಿ 2019ರಲ್ಲಿ ಮಕ್ಕಳಿಗೆ ನೀರು ಕುಡಿಯಲು ಪ್ರತ್ಯೇಕವಾಗಿ ಗಂಟೆ ಬಾರಿಸುವ ಪದ್ಧತಿ ಆರಂಭಿಸಿದರು. ಖರ್ಚಿಲ್ಲದ ಕೆಲಸ. ನಮ್ಮ ಊರಿನ ಶಾಲೆಗಳೂ ಮಾಡಬಹುದು. ಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ: ಸಂಜೆ ಮಗಳು ಬಂದೊಡನೆ ಹೋಂವರ್ಕಿನ ಪುಸ್ತಕಕ್ಕಿಂತ ಮೊದಲು ಬಾಟಲಿಯನ್ನು ನೋಡಿ. ತುಂಬಿದ್ದರೆ ಬಯ್ಯಬೇಡಿ, ಏಕೆ ಕುಡಿಯಲಿಲ್ಲವೆಂದು ಕೇಳಿ.

ಮಲದ ವೇಗದ ವಿಷಯವೂ ಹೀಗೆಯೇ. ಏಳೂವರೆಗೆ ವ್ಯಾನು ಬಂದು ಹಾರನ್ ಮಾಡುತ್ತದೆ. ಆರೂ ಮುಕ್ಕಾಲಿಗೆ ಎದ್ದ ಮಗುವಿಗೆ ಹಲ್ಲುಜ್ಜಿ, ಸ್ನಾನ ಮಾಡಿ, ಎರಡು ತುತ್ತು ನುಂಗಿ, ಬೂಟು ಹಾಕಿಕೊಳ್ಳುವುದರಲ್ಲಿ ಹೊತ್ತು ಮುಗಿಯಿತು. ಮೂರು ದಿನಕ್ಕೊಮ್ಮೆ ಹೋಗುವುದು ಅಭ್ಯಾಸವಾಗುತ್ತದೆ, ಆಮೇಲೆ ಹೊಟ್ಟೆನೋವೆಂದು ನಮ್ಮಲ್ಲಿಗೆ ಬರುತ್ತಾರೆ. ಮಗುವನ್ನು ಅರ್ಧ ಗಂಟೆ ಮೊದಲು ಮಲಗಿಸಿ, ಅರ್ಧ ಗಂಟೆ ಮೊದಲು ಎಬ್ಬಿಸಿ, ಒಂದು ಲೋಟ ಬಿಸಿನೀರು ಕುಡಿಸಿ, ಅವಸರಪಡಿಸದೆ ಬಿಡುವುದಕ್ಕಿಂತ ದೊಡ್ಡ ವಿರೇಚನ ಮಕ್ಕಳಿಗೆ ಬೇಕಿಲ್ಲ.

ಇನ್ನು ಹಸಿವು. ನಮ್ಮದು ತೆಂಗಿನ ಸೀಮೆ. ಅಟ್ಟದ ಮೇಲೆ ಕೊಬ್ಬರಿ, ಕಣಜದಲ್ಲಿ ರಾಗಿ, ಡಬ್ಬಿಯಲ್ಲಿ ಹುರುಳಿ, ಹೆಸರು, ಅಲಸಂದೆ. ಇಷ್ಟಿದ್ದೂ ಬೆಳಗಿನ ಹಸಿವನ್ನು ಒಂದು ಲೋಟ ಚಹದಿಂದಲೂ ಎರಡು ಬಿಸ್ಕತ್ತಿನಿಂದಲೂ ಮುಚ್ಚಿ, ಹತ್ತು ರೂಪಾಯಿ ಕೈಗಿತ್ತು ಕಳುಹಿಸುವ ಮನೆಗಳು ಹೆಚ್ಚುತ್ತಿವೆ. ಆ ಹತ್ತು ರೂಪಾಯಿ ಶಾಲೆಯ ಮುಂದಿನ ಅಂಗಡಿಯ ಪೊಟ್ಟಣವಾಗುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗಾದರೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ, ಮಧ್ಯಾಹ್ನದ ಬಿಸಿಯೂಟ ಇದೆ. ಹೆಚ್ಚು ಶುಲ್ಕ ಕೊಟ್ಟು ಕಳುಹಿಸಿದ ಮಕ್ಕಳೇ ತಣ್ಣಗಾದ ಡಬ್ಬಿಯ ಮುಂದೆ ಹಸಿದು ಕೂರುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ರಾತ್ರಿಯ ಮುದ್ದೆ ಬಸ್ಸಾರನ್ನು ಹಳ್ಳಿಯೂಟವೆಂದು ಮಕ್ಕಳು ತಳ್ಳುತ್ತಾರೆಂಬುದು ತಾಯಂದಿರ ದೂರು. ಹಿರಿಯರು ಟಿ.ವಿ. ಮುಂದೆ ಒಬ್ಬೊಬ್ಬರಾಗಿ ಉಂಡೇಳುವ ಮನೆಯಲ್ಲಿ ಮಕ್ಕಳು ಯಾರನ್ನು ನೋಡಿ ಕಲಿಯಬೇಕು? ಮಠಗಳ ದಾಸೋಹದ ಪಂಕ್ತಿಯಲ್ಲಿ ಕೂತಾಗ ಅದೇ ಮಕ್ಕಳು ಅದೇ ಮುದ್ದೆಯನ್ನು ಎರಡನೆಯ ಸಲ ಹಾಕಿಸಿಕೊಂಡು ಉಣ್ಣುತ್ತಾರೆ. ಪಂಕ್ತಿಯಲ್ಲಿ ಎಲ್ಲರೂ ಜೊತೆಗೆ ಕೂತಿರುತ್ತಾರೆಂಬುದನ್ನು ಬಿಟ್ಟರೆ ಅಲ್ಲಿ ಬೇರೆ ರುಚಿಯೇನೂ ಇಲ್ಲ.

ಹಸಿವು ತಡೆದ ದೇಹ ಕೃಶವಾಗುತ್ತದೆ, ಬಣ್ಣಗೆಡುತ್ತದೆ, ತಲೆ ಸುತ್ತುತ್ತದೆ ಎಂದು ಗ್ರಂಥ ಹೇಳುತ್ತದೆ. ಇಂದು ನಾವು ಅದನ್ನು ರಕ್ತಹೀನತೆ ಎನ್ನುತ್ತೇವೆ. ಅಂದಿನವರು ಪಾಂಡು ಎಂದರು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಮಗಳು ಓದಲು ಕೂತರೆ ತೂಕಡಿಸುತ್ತಾಳೆ, ಯಾವ ಕೆಲಸ ಹೇಳಿದರೂ ಆಮೇಲೆ ಎನ್ನುತ್ತಾಳೆ, ಸೋಮಾರಿಯಾಗಿದ್ದಾಳೆ ಎಂದು ದೂರುವ ತಾಯಂದಿರಿಗೆ ನಾವು ಮಗಳ ಕಣ್ಣಿನ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ತೋರಿಸುತ್ತೇವೆ. ಕೆಂಪಿರಬೇಕಾದ ಕಡೆ ಬಿಳಿಚಿಕೊಂಡಿರುತ್ತದೆ. ಸೋಮಾರಿತನವೆಂದು ಬಯ್ಯಿಸಿಕೊಂಡ ಆ ಮಗುವಿನ ತಪ್ಪೇನು? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುವ ಮಕ್ಕಳಿದ್ದಾರೆ. ಮಲ ಕಪ್ಪಾಯಿತೆಂದು ಹೆದರಿ ಎಸೆದದ್ದು, ಯಾರೂ ಅವರಿಗೆ ಅದು ಸಹಜವೆಂದು ಹೇಳಿರಲಿಲ್ಲ. ಆಯುರ್ವೇದದ ವೈದ್ಯರು ಸರ್ಕಾರದ ಮಾತ್ರೆಯನ್ನು ಹೊಗಳುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಪಾಂಡುರೋಗಕ್ಕೆ ಲೋಹವನ್ನೇ ಔಷಧವೆಂದು ನಮ್ಮ ಗ್ರಂಥಗಳು ಬಹು ಹಿಂದೆಯೇ ಹೇಳಿವೆ. ಮಾತ್ರೆಯನ್ನು ಊಟವಾದ ಮೇಲೆ ನುಂಗಲಿ. ಅದರ ಹಿಂದೆ ಮುಂದೆ ಒಂದೆರಡು ಗಂಟೆ ಚಹ ಬೇಡ, ಚಹ ಕಬ್ಬಿಣವನ್ನು ದೇಹಕ್ಕೆ ಹತ್ತಗೊಡುವುದಿಲ್ಲ. ಊಟದಲ್ಲಿ ನುಗ್ಗೆಸೊಪ್ಪಿರಲಿ, ಮೇಲೆ ನಿಂಬೆಯ ರಸ ಹಿಂಡಿರಿ. ವರ್ಷಕ್ಕೆ ಎರಡು ಬಾರಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಈ ಪತ್ರಿಕೆಯ ಓದುಗರಿಗೆ ಹೇಳಲೇಬೇಕು. ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ. ರಜಸ್ಸೂತಕವೂ ಅವುಗಳಲ್ಲಿ ಒಂದು. ಕೊರಳಲ್ಲಿ ಇಷ್ಟಲಿಂಗ ಧರಿಸಿದ ಮನೆಯಲ್ಲಿಯೂ ಮುಟ್ಟಾದ ಹುಡುಗಿಯನ್ನು ಮೂಲೆಗೆ ಕೂರಿಸಿ, ಬಟ್ಟೆಯನ್ನು ಬಿಸಿಲು ಬೀಳದೆಡೆ ಒಣಗಿಸುವಂತೆ ಮಾಡುವುದನ್ನು ನಾವು ಇಂದಿಗೂ ಕಾಣುತ್ತೇವೆ. ಒದ್ದೆಯಾರದ ಬಟ್ಟೆಯಿಂದ ತುರಿಕೆ, ಬಿಳಿಸೆರಗು ಬಂದರೂ ಆ ಹುಡುಗಿ ಬಾಯಿ ಬಿಡುವುದಿಲ್ಲ. ತಿಂಗಳಿಗೆ ಎಂಟು ದಿನಕ್ಕೂ ಮೀರಿ ರಕ್ತಸ್ರಾವವಾಗುತ್ತಿದ್ದುದನ್ನು ಒಂದು ವರ್ಷ ಮುಚ್ಚಿಟ್ಟುಕೊಂಡು, ಮೆಟ್ಟಿಲು ಹತ್ತಲಾಗದಷ್ಟು ಬಳಲಿದ ಮೇಲೆ ನಮ್ಮಲ್ಲಿಗೆ ಬಂದವರುಂಟು. ಧರ್ಮವೇ ತೆಗೆದುಹಾಕಿದ ಸೂತಕವನ್ನು ನಾವು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದುಕೊಂಡು ಮಕ್ಕಳ ಬಾಯಿ ಕಟ್ಟಿಹಾಕುವುದು ಯಾವ ನ್ಯಾಯ?

ನಿದ್ರೆಯ ವಿಷಯದಲ್ಲಿ ಹೆಚ್ಚು ಬರೆಯಬೇಕಿಲ್ಲ, ಎಲ್ಲರಿಗೂ ತಿಳಿದದ್ದೇ. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಆಧಾರಸ್ತಂಭಗಳಲ್ಲಿ ನಿದ್ರೆಯೂ ಒಂದು. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ, ಅದಕ್ಕಿಂತ ಚಿಕ್ಕ ಶಾಲಾಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೊಂದೂವರೆಗೆ ಮಲಗಿದ ಹುಡುಗನನ್ನು ಬ್ರಾಹ್ಮೀ ಮುಹೂರ್ತವೆಂದು ನಾಲ್ಕೂವರೆಗೆ ಎಬ್ಬಿಸುವ ತಂದೆಯರು ನಮ್ಮನ್ನು ಸಾಕ್ಷಿಗೆ ಕರೆಯುತ್ತಾರೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದವರೇ ಉಂಡದ್ದು ಜೀರ್ಣವಾಗಿರುವುದನ್ನು ನೋಡಿಕೊಂಡು ಏಳಬೇಕೆಂದೂ ಹೇಳಿದ್ದಾರೆ. ಅವರು ಸಂಜೆಗೇ ಉಂಡು ಮಲಗುತ್ತಿದ್ದ ಜನ. ಒಂಬತ್ತರ ಧಾರಾವಾಹಿ ಮುಗಿದ ಮೇಲೆ ಅಡುಗೆಮನೆಯ ದೀಪ ಹತ್ತುವ ಮನೆಗೆ ಆ ಮುಹೂರ್ತ ಸಲ್ಲುವುದಿಲ್ಲ.

ಈಗ ಕಣ್ಣೀರು. ಈ ಲೇಖನವನ್ನು ಬರೆಯಲು ಕುಳಿತದ್ದೇ ಇದಕ್ಕಾಗಿ.

ಮೂತ್ರ, ಹಸಿವು, ನಿದ್ರೆಗಳ ಸಾಲಿನಲ್ಲಿ ಕಣ್ಣೀರನ್ನೂ ಇಟ್ಟದ್ದು ನಮ್ಮ ಪೂರ್ವಿಕ ವೈದ್ಯರ ದೊಡ್ಡ ವಿವೇಕ. ಅಳುವನ್ನು ಅವರು ದೌರ್ಬಲ್ಯವೆನ್ನಲಿಲ್ಲ, ದೇಹದ ವೇಗವೆಂದರು. ತಡೆದರೆ ನೆಗಡಿ, ಕಣ್ಣಿನ ಬೇನೆ, ಹೃದಯದ ಬೇನೆ, ಅರುಚಿ, ತಲೆಸುತ್ತು ಬರುತ್ತವೆ ಎಂದು ಚರಕರು ಹೇಳುತ್ತಾರೆ. ಪರಿಹಾರವಾಗಿ ಅವರು ಸೂಚಿಸುವುದು ನಿದ್ರೆ ಮತ್ತು ಪ್ರಿಯವಾದ ಮಾತುಕತೆ. (ಮದ್ಯವನ್ನೂ ಹೇಳಿದ್ದಾರೆ, ಅದನ್ನು ಬಿಡೋಣ, ಆ ಔಷಧಿಯನ್ನು ನಮ್ಮ ಕೆಲವು ತಂದೆಯರು ಮಕ್ಕಳ ಪಾಲಿನದನ್ನೂ ಸೇರಿಸಿ ಸೇವಿಸುತ್ತಿದ್ದಾರೆ.) ಎದೆನೋವೆಂದು ಬರುವ ಹದಿನೈದು ವರ್ಷದ ಹುಡುಗನ ಇ.ಸಿ.ಜಿ. ಸರಿಯಾಗಿಯೇ ಇರುತ್ತದೆ. ತಂದೆಯನ್ನು ಹೊರಗೆ ಕೂರಿಸಿ, ಹೊಟ್ಟೆಗೆ ಸೇರುತ್ತದೆಯೇನಪ್ಪ, ನಿದ್ದೆ ಬರುತ್ತದೆಯೇ ಎಂದು ಕೇಳಿದರೆ ಆ ಹುಡುಗನ ಗಂಟಲು ಕಟ್ಟುತ್ತದೆ, ಆದರೂ ಕಣ್ಣಲ್ಲಿ ನೀರು ಬರಗೊಡುವುದಿಲ್ಲ. ಗಂಡುಮಗ ಅಳಬಾರದೆಂದು ಅವನಿಗೆ ಐದನೆಯ ವಯಸ್ಸಿನಿಂದ ಹೇಳಿದ್ದಾರೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಒಂದೊಂದೇ ಮಾತು ಹೊರಬರುತ್ತದೆ. ಗಣಿತ ತಲೆಗೆ ಹತ್ತುತ್ತಿಲ್ಲ. ಮೊಬೈಲಿನಲ್ಲಿ ಯಾವುದೋ ಆಟಕ್ಕೆ ಅಪ್ಪನ ಖಾತೆಯಿಂದ ಹಣ ಹೋಗಿದೆ, ಹೇಳಿದರೆ ಚರ್ಮ ಸುಲಿಯುತ್ತಾರೆ. ದೊಡ್ಡ ಹುಡುಗರು ಹಾಸ್ಟೆಲಿನಲ್ಲಿ ಬಾಧೆ ಕೊಡುತ್ತಾರೆ, ಹೇಳಿದರೆ ಕಟ್ಟಿದ ಫೀಸು ಹೋಯಿತೆಂದು ಅಪ್ಪ ಕೂಗಾಡುತ್ತಾರೆ.

ಮಕ್ಕಳ ಕಷ್ಟಗಳಲ್ಲಿ ಹೆಚ್ಚಿನವು ಹಿರಿಯರು ಕೂಡಿ ಕೂತರೆ ಒಂದು ಸಂಜೆಯಲ್ಲಿ ದಾರಿ ಕಾಣುವಂಥವು. ಹಣ ಮೋಸದಿಂದ ಹೋಗಿದ್ದರೆ 1930 ಸಂಖ್ಯೆಗೆ ಕರೆ ಮಾಡಬಹುದು, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಆದರೆ ಮೋಸಹೋದ ಮಗು ಹೇಳದೆ ಹದಿನೈದು ದಿನ ನುಂಗಿಕೊಂಡರೆ ಆ ಬೇಗ ಎಲ್ಲಿಂದ ಬರಬೇಕು? ಮಕ್ಕಳನ್ನು ಕಾಡುವುದು ಕಷ್ಟಕ್ಕಿಂತ ಹೆಚ್ಚಾಗಿ ಹೇಳಿದರೆ ಏನಾಗುವುದೋ ಎಂಬ ಭಯ.

ನಮ್ಮ ಸೀಮೆಯಲ್ಲಿ ಈ ಭಯಕ್ಕೆ ಇನ್ನೊಂದು ಮೂಲವಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೆ, ತಿಪಟೂರಿನ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಒಳ್ಳೆಯ ದರ ಬಂದಾಗ ಅಟ್ಟ ಖಾಲಿಯಾಗಿದ್ದವರಿಗೆ ಅದೂ ಸಂಕಟವೇ. ಹರಾಜಿನ ದಿನ ತಂದೆಯ ಹೆಜ್ಜೆಯ ಸದ್ದಿನಿಂದಲೇ ದರವೇನೆಂದು ತಿಳಿದುಕೊಳ್ಳುವ ಮಕ್ಕಳು ಈ ಸೀಮೆಯಲ್ಲಿದ್ದಾರೆ. ದರ ಬಿದ್ದ ದಿನ ಅವರು ಪುಸ್ತಕ ಬೇಕೆಂದು ಕೇಳುವುದಿಲ್ಲ, ಹಲ್ಲು ನೋಯುತ್ತದೆಂದೂ ಹೇಳುವುದಿಲ್ಲ. ತಂದೆಯ ಕಷ್ಟ ಮಕ್ಕಳಿಗೆ ತಿಳಿಯಬಾರದೆಂದು ನಾವು ಹೇಳುತ್ತಿಲ್ಲ, ತಿಳಿಯಬೇಕು. ಈ ಬಾರಿ ದರ ಕಡಿಮೆ, ಹೊಸ ಬಟ್ಟೆ ಮುಂದಿನ ಹಬ್ಬಕ್ಕೆ ಎಂದು ಕೂತು ಹೇಳಿದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಹೇಳದೆ ಬರಿಯ ಸಿಟ್ಟನ್ನು ಬಡಿಸಿದರೆ, ಆ ಸಿಟ್ಟಿಗೆ ತಾನೇ ಕಾರಣವೆಂದು ಮಗು ತಿಳಿಯುತ್ತದೆ.

ಇನ್ನು ಪರೀಕ್ಷೆ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ರಾಜ್ಯದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ತೇರ್ಗಡೆಯಾಗಲಿಲ್ಲ. ಇಷ್ಟು ಮಂದಿಗೆ ಸಂಭವಿಸಿದ್ದನ್ನು ಮನೆಯ ಮಾನ ಹೋದ ಅಪೂರ್ವ ದುರಂತವೆಂಬಂತೆ ಕಾಣುವುದರಲ್ಲಿ ಅರ್ಥವೇನಿದೆ? 2023–24ನೆಯ ಸಾಲಿನಲ್ಲಿ ಅದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ಆರಂಭವಾಯಿತು. ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮಂಡಳಿ ಬದಲಾಗಿದೆ, ಮನೆಗಳು ಬದಲಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದಂತೆ 2022ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಇವರೆಲ್ಲರಿಗೂ ಪರೀಕ್ಷೆಯೇ ಕಾರಣವಲ್ಲ, ಒಂದೇ ಕಾರಣವೂ ಅಲ್ಲ. ಆದರೂ ಆ ಸಂಖ್ಯೆಯನ್ನು ಓದಿದಾಗಲೆಲ್ಲ, ಇವರಲ್ಲಿ ಎಷ್ಟು ಮಂದಿ ಕೊನೆಯ ವಾರದಲ್ಲಿ ಮನೆಯಲ್ಲಿ ಅತ್ತಿದ್ದರು, ಅತ್ತಾಗ ಯಾರಾದರೂ ಬಳಿ ಕೂತಿದ್ದರೇ ಎಂದು ನಮಗನ್ನಿಸುತ್ತದೆ.

ಗಮನಿಸಬೇಕಾದದ್ದು ಇದು. ಮಗು ಎರಡು ವಾರಕ್ಕೂ ಮೀರಿ ಮೌನವಾಗಿದ್ದರೆ, ಗೆಳೆಯರನ್ನು ಬಿಟ್ಟರೆ, ಊಟ ನಿದ್ರೆ ಕೆಟ್ಟರೆ, ಪ್ರೀತಿಯ ವಸ್ತುಗಳನ್ನು ಇತರರಿಗೆ ಹಂಚತೊಡಗಿದರೆ, ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ ಎಂಬಂತಹ ಮಾತಾಡಿದರೆ ಅದನ್ನು ನಾಟಕವೆನ್ನಬೇಡಿ. ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಬಹುದು. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರೆ ಇಳಿಯುತ್ತದೆ. ಅಂತಹ ಮಗುವನ್ನು ಒಂಟಿಯಾಗಿ ಬಿಡಬಾರದು. ತೋಟಕ್ಕೆ ತಂದ ಕೀಟನಾಶಕದ ಡಬ್ಬಿಗಳು ಎಂದೆಂದಿಗೂ ಬೀಗದೊಳಗಿರಬೇಕು, ಬೀಗದ ಕೈ ಹಿರಿಯರ ಬಳಿ ಇರಬೇಕು. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. 14416 ಟೆಲಿ ಮನಸ್ ಸಂಖ್ಯೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ 1098. ಇದು ದೃಷ್ಟಿಯಿಂದಾದದ್ದು, ಗಾಳಿಯಿಂದಾದದ್ದು ಎಂದು ತಾಯತ ಕಟ್ಟಿಸಲು ಊರೂರು ಅಲೆಯುವುದರಲ್ಲಿ ಕಳೆಯುವ ದಿನಗಳು ಬಹಳ ಬೆಲೆಯುಳ್ಳವು. ನಮ್ಮ ಕಷಾಯ, ಅರಿಷ್ಟಗಳನ್ನೇ ನೆಚ್ಚಿಕೊಂಡೂ ಕಾಯಬಾರದು.

ಇಷ್ಟೆಲ್ಲ ಮಕ್ಕಳು ತಡೆದುಕೊಳ್ಳುವುದರ ವಿಚಾರವಾಯಿತು. ಹಿರಿಯರು ತಡೆಯಬೇಕಾದ ನಾಲ್ಕು ಬಗೆಯ ಮಾತನ್ನು ಮೊದಲಿಗೇ ಹೇಳಿದೆವು. ಕಠೋರವಾದದ್ದು ಯಾವುದೆಂದು ಯಾರಿಗೂ ವಿವರಿಸಬೇಕಿಲ್ಲ. ಚಾಡಿ ಎಂದರೆ ಬೇರೆಯವರ ಮನೆಯದು ಮಾತ್ರವಲ್ಲ; ಮದುವೆಮನೆಯ ಪಂಕ್ತಿಯಲ್ಲಿ ಸೋದರತ್ತೆ, ಚಿಕ್ಕಪ್ಪಂದಿರೆದುರು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಅಂಕಗಳ ಕಥೆ ಹೇಳುವುದೂ ಚಾಡಿಯೇ. ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡುತ್ತಿದ್ದುದನ್ನು ಹದಿನಾಲ್ಕರ ಹುಡುಗಿಯ ಮುಂದೆ ಎಲ್ಲರಿಗೂ ಹೇಳಿ ನಗುವುದೂ ಅದೇ ಜಾತಿಯದು.

ಸುಳ್ಳಿನ ವಿಷಯದಲ್ಲಿ ವೈದ್ಯರಾದ ನಮಗೆ ಒಂದು ತಕರಾರಿದೆ. ಚಿಕಿತ್ಸಾಲಯದ ಬಾಗಿಲಲ್ಲಿ ಮಗುವಿಗೆ ಸೂಜಿಯಿಲ್ಲ ಎಂದು ಸುಳ್ಳು ಹೇಳಿ ಒಳಗೆ ಕರೆತರುತ್ತಾರೆ. ಮನೆಯಲ್ಲಿ ಉಣ್ಣದಿದ್ದರೆ, 'ಸುಮ್ನೆ ಉಣ್ಣು, ಇಲ್ದಿದ್ರೆ ಡಾಕ್ಟ್ರ ಹತ್ರ ಕರ್ಕೊಂಡೋಗಿ ದೊಡ್ಡ ಸೂಜಿ ಚುಚ್ಚಿಸ್ತೀನಿ' ಎನ್ನುತ್ತಾರೆ. ಹಿಂದೆ ಗುಮ್ಮನಿದ್ದ, ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣನೂ ಅವನಿಗೆ ಹೆದರುತ್ತಾನೆ. ಈಗ ಗುಮ್ಮನ ಕೆಲಸ ನಮ್ಮ ಪಾಲಿಗೆ ಬಂದಿದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಮಗು ಅತ್ತರೂ, ಉಣ್ಣದಿದ್ದರೂ, ಮಾತು ಕೇಳದಿದ್ದರೂ ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದು ಎಂಬ ಸ್ಪಷ್ಟ ವಿಧಿಯಿದೆ. ಎರಡು ಸಾವಿರ ವರ್ಷಗಳಷ್ಟು ಹಳೆಯ ಗ್ರಂಥವೊಂದು ಊಟದ ತಟ್ಟೆಯ ಮುಂದೆ ಮಗುವನ್ನು ಹೆದರಿಸಬೇಡಿರೆಂದು ಬರೆದಿಟ್ಟಿದೆಯೆಂದರೆ, ಆಗಲೂ ತಾಯಂದಿರು ಹೆದರಿಸುತ್ತಿದ್ದರು ಎಂದೇ ಅರ್ಥ. ಮಗು ಬೆಳೆದಂತೆ ಗುಮ್ಮನ ಹೆಸರು ಬದಲಾಗುತ್ತದೆ: ಸೂಜಿ, ಮೇಷ್ಟ್ರು, ಹಾಸ್ಟೆಲು, ಅಂಕ, ಪಕ್ಕದ ಮನೆಯ ಹುಡುಗ.

ಹೆದರಿಕೆಯಿಲ್ಲದೆ ಮಕ್ಕಳು ಹದ್ದುಬಸ್ತಿನಲ್ಲಿರುವರೇ, ನಾವೆಲ್ಲ ಏಟು ತಿಂದೇ ಬೆಳೆದೆವಲ್ಲ ಎಂದು ನಮ್ಮ ವಯಸ್ಸಿನವರು ಕೇಳುತ್ತಾರೆ. ಬೆಳೆದೆವು, ನಿಜ. ಆದರೆ ಅಂದು ಅಪ್ಪನ ಏಟು ಬಿದ್ದರೆ ಒಂದೇ ಸೂರಿನಡಿ ಅಜ್ಜಿಯ ಮಡಿಲಿತ್ತು, ಚಿಕ್ಕಮ್ಮನ ಅಡುಗೆಮನೆಯಿತ್ತು, ಓಡಿಹೋಗಿ ಕೂರಲು ತೋಟದ ತೊಟ್ಟಿಯ ಕಟ್ಟೆಯಿತ್ತು. ಅಳಲು ಜಾಗವಿತ್ತು. ಇಂದು ಮೂರೇ ಜನರ ಮನೆಯಲ್ಲಿ ಬಯ್ಯುವವರೂ ಅವರೇ, ಸಂತೈಸಬೇಕಾದವರೂ ಅವರೇ. ಅಜ್ಜಿ ತಾತ ಇರುವ ಮನೆಗಳಲ್ಲಿ ಮಕ್ಕಳನ್ನು ದಿನಕ್ಕೆ ಒಂದು ಗಂಟೆಯಾದರೂ ಅವರ ಬಳಿ ಬಿಡಿ, ಓದು ಕೆಡುವುದಿಲ್ಲ. ಶಿಸ್ತು ಬೇಡವೆಂದು ನಾವೆಂದೂ ಹೇಳುವುದಿಲ್ಲ. ಫೋನಿಗೆ ಹೊತ್ತು ಗೊತ್ತು ಇರಲಿ, ರಾತ್ರಿ ಒಂಬತ್ತರ ಮೇಲೆ ಎಲ್ಲರ ಫೋನೂ ಒಂದೇ ಗೂಡಿನಲ್ಲಿರಲಿ, ಅಪ್ಪನದೂ ಸೇರಿ. ಬಿದ್ದ ಕಾಯಿ ಆಯುವುದು, ದನಕ್ಕೆ ನೀರು ತೋರಿಸುವುದು, ಉಂಡ ತಟ್ಟೆ ತೊಳೆಯುವುದು ಮುಂತಾದ ಕೆಲಸಗಳನ್ನು ಗಂಡು ಹೆಣ್ಣೆನ್ನದೆ ಹಂಚಿಕೊಡಿ. ಮಾಡದಿದ್ದರೆ ಬಿಡಬೇಡಿ. ಇದಕ್ಕೆಲ್ಲ ಕೂಗು, ಬೆತ್ತ ಬೇಕಿಲ್ಲ. ಹೇಳಿದ್ದನ್ನು ಹಿರಿಯರೂ ಪಾಲಿಸಿದರೆ ಸಾಕಾಗುತ್ತದೆ. ಶಾಲೆಯಲ್ಲಾದರೆ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ಕಾನೂನೇ ನಿಷೇಧಿಸಿದೆ. ಹತ್ತು ಹನ್ನೊಂದು ತಿಂಗಳು ಕಾಯಿಯನ್ನು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ ಗಿಟುಕಾಗುವವರೆಗೆ ಕಾಯಬಲ್ಲ ಜನ ನಾವು. ನಡುವೆ ದಿನವೂ ಒಡೆದು ನೋಡುವುದಿಲ್ಲ. ಹದಿನಾರರ ಮಗನನ್ನು ಮಾತ್ರ ದಿನಕ್ಕೆ ಮೂರು ಸಲ ಒಡೆದು ನೋಡುತ್ತೇವೆ.

ಉಳಿದದ್ದು ನಾಲ್ಕನೆಯದು, ಹೊತ್ತಲ್ಲದ ಹೊತ್ತಿನ ಮಾತು. ನಮ್ಮ ಲೆಕ್ಕದಲ್ಲಿ ಮೂರು ಹೊತ್ತುಗಳಲ್ಲಿ ಮಕ್ಕಳಿಗೆ ಬುದ್ಧಿ ಹೇಳಬಾರದು: ತಟ್ಟೆಯ ಮುಂದೆ ಕೂತಾಗ, ಮಲಗಲು ಹೋಗುವಾಗ, ಶಾಲೆಯಿಂದ ಬಂದು ಬ್ಯಾಗು ಇಳಿಸಿದೊಡನೆ. ಹೇಳಬೇಕಾದದ್ದಿದ್ದರೆ ರಜೆಯ ದಿನ ತೋಟಕ್ಕೆ ಜೊತೆಯಲ್ಲಿ ಹೋಗುವಾಗ ಹೇಳಿ. ಎದುರುಬದುರು ಕೂತು ಮಾತಾಡಲಾಗದ್ದನ್ನು ಮಕ್ಕಳು ಜೊತೆಗೆ ನಡೆಯುತ್ತಾ ತಾವಾಗಿಯೇ ಹೇಳುವುದುಂಟು. ಹಾಸ್ಟೆಲಿನಲ್ಲಿ ಓದುವ ಮಕ್ಕಳಿಗೆ ವಾರಕ್ಕೊಮ್ಮೆ ಸಿಗುವುದು ಐದು ನಿಮಿಷದ ಫೋನು. ಆ ಐದು ನಿಮಿಷದಲ್ಲಿ ಟೆಸ್ಟಿನಲ್ಲಿ ಎಷ್ಟು ಬಂತೆಂಬ ಪ್ರಶ್ನೆಗೆ ನಾಲ್ಕು ನಿಮಿಷ ಹೋಗುತ್ತದೆ. ಅಂಕ ಹೇಗಿದ್ದರೂ ಹಾಸ್ಟೆಲಿನಿಂದ ತಿಳಿಯುತ್ತದೆ. ಹೊಟ್ಟೆತುಂಬ ಉಣ್ಣುತ್ತಿದ್ದೀಯಾ, ರಾತ್ರಿ ನಿದ್ದೆ ಬರುತ್ತಾ, ಪಕ್ಕದ ಹಾಸಿಗೆಯ ಹುಡುಗ ಯಾರು ಎಂದು ಕೇಳಿ, ನಮ್ಮ ಮನೆಯ ಹಸು ಕರು ಹಾಕಿದ ಸುದ್ದಿ ಹೇಳಿ. ಹುಡುಗ ಏನನ್ನೋ ಹೇಳಹೊರಟು ನಿಲ್ಲಿಸಿದರೆ ಮರುದಿನವೇ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬನ್ನಿ, ಭಾನುವಾರದವರೆಗೆ ಕಾಯಬೇಡಿ.